ವಾಲ್ವ್ ಆಪರೇಶನ್ ಆದಮೇಲೆ ಐಎನ್‌ಆರ್ ಹತೋಟಿಯಲ್ಲಿಡುವುದು ಹೇಗೆ?

ಹೃದಯಕ್ಕೆ ಕೃತಕ ವಾಲ್ವ್ ಕೂರಿಸುವ ಆಪರೇಶನ್ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೆಲವು ತಾಸುಗಳಲ್ಲಿ ಮುಗಿಯುತ್ತದೆ. ಅದನ್ನು ಕಾಯುವ ಕೆಲಸ ಮಾತ್ರ ಗದಗಿನ ಲ್ಯಾಬಿನಲ್ಲಿ, ಊರಿನ ಔಷಧ ಅಂಗಡಿಯಲ್ಲಿ, ಮನೆಯ ಊಟದ ತಾಟಿನಲ್ಲಿ ಜೀವಮಾನವಿಡೀ ನಡೆಯಬೇಕು. ಎಲ್ಲರೂ ‘ಮೆಟಲ್ ವಾಲ್ವ್’ ಎಂದು ಕರೆಯುವ ಈ ಯಾಂತ್ರಿಕ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಬೆಳೆದರೆ ವಾಲ್ವಿನ ರೆಕ್ಕೆ ಸಿಕ್ಕಿಕೊಳ್ಳುತ್ತದೆ, ಚೂರು ಕಿತ್ತು ಮೆದುಳಿಗೆ ಹೋದರೆ ಲಕ್ವಾ ಹೊಡೆಯುತ್ತದೆ. ಇದನ್ನು ತಡೆಯುವುದು ವಾರ್ಫರಿನ್ ಗುಳಿಗೆ, ಇಲ್ಲವೇ ಅಸಿಟ್ರಾಮ್ ಹೆಸರಿನಲ್ಲಿ ಸಿಗುವ ಅಸೆನೊಕೌಮರಾಲ್ ಗುಳಿಗೆ. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ.

ಮೊದಲು ನಿಮ್ಮ ಅಂಕಿ ತಿಳಿದುಕೊಳ್ಳಿ

ಹೆಪ್ಪುಗಟ್ಟುವ ಸಮಯವನ್ನು ಎಲ್ಲ ಲ್ಯಾಬುಗಳಲ್ಲೂ ಒಂದೇ ಅಳತೆಗೆ ತರುವ ಅಂಕಿ ಐಎನ್‌ಆರ್. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾರಿಗೆ ತಂದಿತು. ಈ ಗುಳಿಗೆ ನುಂಗದವರಲ್ಲಿ ಅದು 1ರ ಆಸುಪಾಸು ಇರುತ್ತದೆ. ಅಯೋರ್ಟಿಕ್ ಜಾಗದಲ್ಲಿ (ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಲ್ಲಿ) ವಾಲ್ವ್ ಇದ್ದವರಿಗೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಜಾಗದಲ್ಲಿದ್ದರೆ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ) 2.5ರಿಂದ 3.5 ಇರಬೇಕು. ನಿಮ್ಮದು ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ.

ಲ್ಯಾಬಿನ ರಿಪೋರ್ಟಿನಲ್ಲಿ ಆರೋಗ್ಯವಂತರ ಮಿತಿ ಅಚ್ಚಾಗಿರುತ್ತದೆ. ಹಾಗಾಗಿ 2.8 ಬಂದಾಗ ಅದು ದಪ್ಪ ಅಕ್ಷರದಲ್ಲಿ, ‘ಹೆಚ್ಚು’ ಎಂಬ ಗುರುತಿನೊಂದಿಗೆ ಬರುತ್ತದೆ. ಅದನ್ನು ನೋಡಿ ಮನೆಯವರು ಗಾಬರಿಯಾಗಿ ಗುಳಿಗೆ ನಿಲ್ಲಿಸುವುದುಂಟು. ನಿಮಗೆ ಅದೇ ಸರಿಯಾದ ಅಂಕಿ.

ಗುಳಿಗೆ ಸಂಜೆಗೆ, ಲೆಕ್ಕ ವಾರಕ್ಕೆ

ದಿನಾ ಒಂದೇ ಹೊತ್ತಿಗೆ, ಸಂಜೆ ನುಂಗುವುದು ಅನುಕೂಲ. ಬೆಳಿಗ್ಗೆ ರಕ್ತ ಕೊಟ್ಟು ಮಧ್ಯಾಹ್ನ ರಿಪೋರ್ಟ್ ಬಂದರೆ ಅದೇ ಸಂಜೆಯಿಂದ ಪ್ರಮಾಣ ಬದಲಿಸಬಹುದು. ವೈದ್ಯರು ನೋಡುವುದು ವಾರದ ಒಟ್ಟು ಪ್ರಮಾಣವನ್ನು. ದಿನಕ್ಕೆ 3 ಮಿ.ಗ್ರಾಂ ಎಂದರೆ ವಾರಕ್ಕೆ 21. ಐಎನ್‌ಆರ್ ತುಸು ಕೆಳಗಿದ್ದರೆ ಸೋಮ, ಬುಧ, ಶುಕ್ರವಾರ 4, ಉಳಿದ ನಾಲ್ಕು ದಿನ 3 ಎಂದು ಬರೆಯಬಹುದು. ವಾರಕ್ಕೆ 24 ಆಯಿತು. ಗೋಡೆಯ ಕ್ಯಾಲೆಂಡರಿನ ಪ್ರತಿ ದಿನದ ಮನೆಯಲ್ಲಿ ಅಂದಿನ ಮಿ.ಗ್ರಾಂ ಬರೆದಿಟ್ಟು, ನುಂಗಿದ ಮೇಲೆ ಗೆರೆ ಎಳೆಯಿರಿ. ಹೊಸ ಪ್ರಮಾಣದ ಪೂರ್ತಿ ಪರಿಣಾಮ ಕಾಣಲು ಸುಮಾರು ಒಂದು ವಾರ ಬೇಕು. ಮರುದಿನವೇ ಮತ್ತೆ ರಕ್ತ ಕೊಟ್ಟು ಪ್ರಯೋಜನವಿಲ್ಲ.

ಮರೆತದ್ದು ಅದೇ ರಾತ್ರಿ ನೆನಪಾದರೆ ನುಂಗಿ. ಮರುದಿನ ನೆನಪಾದರೆ ಬಿಟ್ಟುಬಿಡಿ, ಎರಡು ಪಾಲು ಸೇರಿಸಬೇಡಿ. ಅಂಗಡಿಯಲ್ಲಿ ಹೆಸರಿನ ಜೊತೆ ಮಿ.ಗ್ರಾಂ ಓದಿ ನೋಡಿ. 2ರ ಬದಲು 4ರ ಪಟ್ಟಿ ಕೈಗೆ ಬಂದರೆ ವಾರದೊಳಗೆ ಒಸಡಿನಿಂದ ರಕ್ತ ಬರಬಹುದು. ವಾರ್ಫರಿನ್ ಮತ್ತು ಅಸಿಟ್ರಾಮ್ ಒಂದಕ್ಕೊಂದು ಸರಿಸಮವಲ್ಲ, ಅದಿಲ್ಲ ಅಂತ ಇದನ್ನು ತರಬೇಡಿ.

ಪದೇಪದೇ ರಕ್ತಪರೀಕ್ಷೆ ಬೇಡದ ಹೊಸ ಗುಳಿಗೆಗಳು ಬಂದಿವೆಯಲ್ಲ ಎಂದು ಹಲವರು ಕೇಳುತ್ತಾರೆ. ಯಾಂತ್ರಿಕ ವಾಲ್ವಿನವರಿಗೆ ಅವುಗಳಲ್ಲೊಂದಾದ ಡಬಿಗಾಟ್ರಾನ್ ಕೊಟ್ಟು ನೋಡಿದ ಅಧ್ಯಯನವನ್ನು ಹೆಪ್ಪು, ರಕ್ತಸ್ರಾವ ಎರಡೂ ಹೆಚ್ಚಾದ ಕಾರಣ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಪಕ್ಕದವರಿಗೆ ಒಗ್ಗಿದ ಗುಳಿಗೆ ನಿಮ್ಮ ವಾಲ್ವಿಗೆ ಅಪಾಯ.

ಲ್ಯಾಬಿನಲ್ಲಿ ನೀಲಿ ಮುಚ್ಚಳದ ನಳಿಕೆ ನೋಡಿ

ಈ ಪರೀಕ್ಷೆಗೆ ಸಿಟ್ರೇಟ್ ದ್ರಾವಣವಿರುವ, ತಿಳಿ ನೀಲಿ ಮುಚ್ಚಳದ ನಳಿಕೆಯನ್ನೇ ಬಳಸಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. 2.7 ಮಿ.ಲೀ. ನಳಿಕೆಯಾದರೆ ರಕ್ತ ಗುರುತಿನ ಗೆರೆ ಮುಟ್ಟಲೇಬೇಕು. ನರ ಸಿಗಲಿಲ್ಲವೆಂದು ಅರ್ಧ ನಳಿಕೆಗೇ ಬಿಟ್ಟರೆ ಸಿಟ್ರೇಟ್ ಪಾಲು ಹೆಚ್ಚಾಗಿ ಐಎನ್‌ಆರ್ ಇರುವುದಕ್ಕಿಂತ ಮೇಲೆ ತೋರಿಸುತ್ತದೆ. ಅದನ್ನು ನಂಬಿ ಗುಳಿಗೆ ಇಳಿಸಿದರೆ ವಾಲ್ವಿನ ಮೇಲೆ ಹೆಪ್ಪು ಕೂರುತ್ತದೆ. ರಕ್ತ ತುಂಬಿದ ಕೂಡಲೇ ನಳಿಕೆಯನ್ನು ಮೂರು ನಾಲ್ಕು ಸಲ ಮೆಲ್ಲಗೆ ಮಗುಚಬೇಕು. ‘ಗೆರೆ ಮುಟ್ಟೇತೇನ್ರೀ?’ ಎಂದು ಕೇಳಲು ಸಂಕೋಚ ಬೇಡ. ಸಾಧ್ಯವಾದಷ್ಟು ಒಂದೇ ಲ್ಯಾಬಿಗೆ ಹೋಗಿ. ಅಂಕಿ ಸ್ಥಿರವಾಗಿದ್ದರೆ ತಿಂಗಳಿಗೊಮ್ಮೆ ಸಾಕು.

ರೊಟ್ಟಿ ಜೋಡಿ ತಪ್ಪಲು

ನಮ್ಮ ಭಾಗದಲ್ಲಿ ಐಎನ್‌ಆರ್ ಹಳಿ ತಪ್ಪುವುದಕ್ಕೆ ಊಟವೂ ಒಂದು ಕಾರಣ. ಜೋಳದ ರೊಟ್ಟಿಯ ಜೊತೆ ಹಸಿ ಮೆಂತೆ, ಹಕ್ಕರಕಿ, ಮೂಲಂಗಿ ತಪ್ಪಲು, ಉಳ್ಳಾಗಡ್ಡಿ ತಪ್ಪಲು ಕಡಿದುಕೊಂಡು ತಿನ್ನುವುದು ಇಲ್ಲಿಯ ರೂಢಿ. ಪುಂಡಿ, ರಾಜಗಿರಿ ಪಲ್ಯ ಬೇರೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ, ಗುಳಿಗೆ ಕೆಲಸ ಮಾಡುವುದೇ ಆ ವಿಟಮಿನ್ನಿಗೆ ಎದುರಾಗಿ.

ಆದ್ದರಿಂದ ‘ಸೊಪ್ಪು ಬಿಟ್ಟುಬಿಡಿ’ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಅದು ತಪ್ಪು. ಸೊಪ್ಪನ್ನೇ ಮುಟ್ಟದವರ ಮೈಯಲ್ಲಿ ವಿಟಮಿನ್ ಕೆ ದಾಸ್ತಾನು ತೀರಾ ಕಡಿಮೆಯಿದ್ದು, ಒಂದಿಷ್ಟು ವ್ಯತ್ಯಾಸಕ್ಕೇ ಅಂಕಿ ಏರಿಳಿಯುತ್ತದೆ. ದಿನಾ ಒಂದು ಹಿಡಿ ತಿನ್ನುವವರು ಅದೇ ಒಂದು ಹಿಡಿ ತಿನ್ನುತ್ತಿರಲಿ, ಗುಳಿಗೆಯ ಪ್ರಮಾಣವನ್ನು ಅದಕ್ಕೆ ಹೊಂದಿಸಬಹುದು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಒಂದು ಹೊತ್ತು ಹೆಚ್ಚು ತಿಂದರೆ ದೊಡ್ಡ ಅನಾಹುತವಿಲ್ಲ. ತೊಂದರೆ ವಾರಗಟ್ಟಲೆಯ ಬದಲಾವಣೆಯಿಂದ. ಚಳಿಗಾಲದಲ್ಲಿ ತಾಟಿನ ತುಂಬ ಸೊಪ್ಪಿದ್ದಾಗ ಕೆಳಗಿದ್ದ ಐಎನ್‌ಆರ್, ಬೇಸಿಗೆಯಲ್ಲಿ ಹೊಲ ಒಣಗಿ ಸೊಪ್ಪು ನಿಂತಾಗ ಅದೇ ಗುಳಿಗೆಗೆ ಮೇಲೇರಬಹುದು. ಶ್ರಾವಣದ ಉಪವಾಸ, ವಾಂತಿಭೇದಿ, ಊಟ ಸೇರದ ಜ್ವರದಲ್ಲೂ ಹೀಗೇ. ಇಂಥ ವಾರಗಳಲ್ಲಿ ತಿಂಗಳು ತುಂಬಲೆಂದು ಕಾಯದೆ ಪರೀಕ್ಷೆ ಮಾಡಿಸಿ.

ಬೇರೆ ಔಷಧಗಳು

ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್, ಕೋ-ಟ್ರೈಮಾಕ್ಸಜೋಲ್, ಫ್ಲುಕೊನಜೋಲ್ ಐಎನ್‌ಆರ್ ಏರಿಸುತ್ತವೆ. ಕ್ಷಯದ ರಿಫಾಂಪಿಸಿನ್, ಮೂರ್ಛೆರೋಗದ ಕಾರ್ಬಮಜೆಪಿನ್ ಇಳಿಸುತ್ತವೆ. ಇವನ್ನು ಆರಂಭಿಸಿದ ಮೂರರಿಂದ ಐದು ದಿನದೊಳಗೆ ಪರೀಕ್ಷೆ ಆಗಬೇಕು, ನಿಲ್ಲಿಸಿದ ಮೇಲೂ ಆಗಬೇಕು. ಮೈಕೈ ನೋವಿಗೆ ಡೈಕ್ಲೊಫೆನಾಕ್ ಬೇಡ. ಸೊಂಟಕ್ಕೆ ಸೂಜಿ ಹಾಕಿಸಿಕೊಳ್ಳಬೇಡಿ, ಸ್ನಾಯುವಿನೊಳಗೆ ರಕ್ತ ತುಂಬಿ ಗಡ್ಡೆಯಾಗುತ್ತದೆ. ಹಲ್ಲು ಕೀಳಿಸಬೇಕಾದರೆ ನೀವಾಗಿಯೇ ಗುಳಿಗೆ ನಿಲ್ಲಿಸದೆ ಮೊದಲು ಹೃದಯ ವೈದ್ಯರನ್ನು ಕೇಳಿ. ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕೆಟ್ಟವರಲ್ಲಿ ಹರೆಯದ ಹೆಣ್ಣುಮಕ್ಕಳು ಬಹಳ. ಗರ್ಭದ 6ರಿಂದ 12ನೇ ವಾರದಲ್ಲಿ ಈ ಗುಳಿಗೆ ಕೂಸಿನ ಬೆಳವಣಿಗೆಗೆ ಹಾನಿ ಮಾಡಬಲ್ಲದು. ಮಗು ಬೇಕೆಂದಾಗ, ಗರ್ಭ ನಿಲ್ಲುವ ಮೊದಲೇ ಮಾತಾಡಬೇಕು.

ಕಾಯಬಾರದ ಹೊತ್ತು

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ, ಮಾತು ನೆಟ್ಟಗಿದ್ದರೂ ಸಿಟಿ ಸ್ಕ್ಯಾನ್ ಮಾಡಿಸಲೇಬೇಕು. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಜಿನುಗಿ, ತಲೆನೋವು, ಮಂಪರು ಕಾಣಿಸುವಷ್ಟರಲ್ಲಿ ಮೆದುಳು ಒತ್ತಿಹೋಗಿರಬಹುದು. ಕಪ್ಪು ಮಲ, ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು ಕಂಡರೂ ತಡಮಾಡಬೇಡಿ.

ಇನ್ನೊಂದು ಲಕ್ಷಣವನ್ನು ಮನೆಯಲ್ಲೇ ಹಿಡಿಯಬಹುದು. ಯಾಂತ್ರಿಕ ವಾಲ್ವ್ ಮುಚ್ಚುವಾಗ ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತದೆ. ರಾತ್ರಿ ಎಲ್ಲ ಸದ್ದಡಗಿದಾಗ ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ. ಆ ಸದ್ದು ಮಂಕಾದರೆ ಅಥವಾ ನಿಂತರೆ, ಜೊತೆಗೆ ಏದುಸಿರು ಬಂದರೆ ವಾಲ್ವ್ ಹೆಪ್ಪಿನಲ್ಲಿ ಸಿಕ್ಕಿಕೊಂಡಿರಬಹುದು. ಐಎನ್‌ಆರ್ ರಿಪೋರ್ಟಿಗೆ ಕಾಯದೆ, ಎಕೋ (ಹೃದಯದ ಸ್ಕ್ಯಾನಿಂಗ್) ಪರೀಕ್ಷೆಯೂ ಹೃದಯ ಶಸ್ತ್ರಚಿಕಿತ್ಸೆಯೂ ಇರುವ ಆಸ್ಪತ್ರೆಗೆ ನೇರವಾಗಿ ಹೊರಡಿ. ಗುಳಿಗೆಯ ಪಟ್ಟಿ, ಕ್ಯಾಲೆಂಡರಿನ ಹಾಳೆ, ಹಿಂದಿನ ರಿಪೋರ್ಟುಗಳು ಜೊತೆಗಿರಲಿ. ‘ಮೆಟಲ್ ವಾಲ್ವ್ ಐತಿ, ಸದ್ದು ನಿಂತೈತಿ’ ಎಂದು ಬಾಗಿಲಲ್ಲೇ ಹೇಳಿ.