25 ಸಾವಿರದೊಳಗೆ ಗಟ್ಟಿ ಲ್ಯಾಪ್‌ಟಾಪ್: ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಹೀಗೆ ಪರೀಕ್ಷಿಸಿ

ಬಜೆಟ್ 25 ಸಾವಿರ ರೂಪಾಯಿ ಇದ್ದರೆ ಕಾಲೇಜಿಗೆ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಡಿ. ಕಂಪನಿಗಳು ಕೆಲವು ವರ್ಷ ಬಳಸಿ ಮಾರಿದ ಬಿಸಿನೆಸ್ ಲ್ಯಾಪ್‌ಟಾಪ್ ಕೊಳ್ಳಿ. ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್, ಈ ಮೂರರಲ್ಲಿ ಒಂದು. ಇವುಗಳ ಬಾಡಿ, ಹಿಂಜ್ (ಮುಚ್ಚಳದ ಕೀಲು), ಕೀಬೋರ್ಡ್ ಗಟ್ಟಿ. ಬಿಡಿಭಾಗಗಳೂ ಸಿಗುತ್ತವೆ. ಆದರೆ ಸ್ಕ್ರೀನ್ ಹೊತ್ತಿಕೊಂಡ ಕೂಡಲೇ ದುಡ್ಡು ಎಣಿಸಿಕೊಟ್ಟು, ಆಮೇಲೆ ಪರದಾಡುವವರನ್ನು ನೋಡುತ್ತಲೇ ಇದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊಸ ಅಗ್ಗದ ಮಾಲು ಯಾಕೆ ಬೇಡ? ಅಂಥ ಹಲವು ಮಾಲಿನಲ್ಲಿ ನಿಧಾನ ಓಡುವ ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, ಇಎಂಎಂಸಿ ಸ್ಟೋರೇಜ್ ಇರುತ್ತದೆ. ಇಎಂಎಂಸಿ ಅಂದರೆ ಬೋರ್ಡಿಗೇ ಬೆಸುಗೆ ಹಾಕಿದ ಚಿಪ್. ಕೆಟ್ಟರೆ ಅದೊಂದನ್ನೇ ಬಿಚ್ಚಿ ಬೇರೆ ಹಾಕಲು ಬರುವುದಿಲ್ಲ. ‘ಮಿಲಿಟರಿ ಗ್ರೇಡ್’ ಸ್ಟಿಕರಿಗೂ ಮರುಳಾಗಬೇಡಿ. ಅದರ ಹಿಂದಿರುವುದು ಅಮೆರಿಕ ಸೇನೆಯ ಪರೀಕ್ಷೆಗಳ ಒಂದು ಪಟ್ಟಿ, ಅದರಲ್ಲಿ ಯಾವ ಪರೀಕ್ಷೆ ಮಾಡಬೇಕೆಂದು ಆರಿಸಿಕೊಳ್ಳುವುದು ತಯಾರಕರೇ.

1. ಪ್ರೊಸೆಸರ್ ನೋಡಿ. ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ (ಸೆಕ್ಯುರಿಟಿ ಅಪ್‌ಡೇಟ್ ಕೊಡುವುದು) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್ 8ನೇ ಜನರೇಷನ್ ಅಥವಾ ನಂತರದ್ದು ಇರಲಿ. ಐ5-8250ಯು ಅಂತಿದ್ದರೆ 8ನೆಯದು, ಐ5-1135ಜಿ7 ಅಂದರೆ 11ನೆಯದು. ‘ಐ7 ಇದೆ ಸರ್’ ಅಂತ 6ನೇ ಜನರೇಷನ್ ತೋರಿಸಿದರೆ ಬೇಡ ಅನ್ನಿ. ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 7490, ಎಲೈಟ್‌ಬುಕ್ 840 ಜಿ5 ಚೆನ್ನಾಗಿವೆ. ಇದೇ ಮಾಡೆಲ್‌ಗಳಲ್ಲಿ 7ನೇ ಜನರೇಷನ್ ಕೂಡ ಬಂದಿತ್ತು. ಹಾಗಾಗಿ ಸೆಟ್ಟಿಂಗ್ಸ್ ತೆರೆದು ಕಣ್ಣಾರೆ ನೋಡಿ.

2. ರ‍್ಯಾಮ್ 8 ಜಿಬಿ, ಎಸ್‌ಎಸ್‌ಡಿ (ಫೈಲ್ ಉಳಿಸುವ ವೇಗದ ಡ್ರೈವ್) 256 ಜಿಬಿ, ಸ್ಕ್ರೀನ್ 1920×1080. ಇದಕ್ಕಿಂತ ಕಡಿಮೆ ಬೇಡ.

3. ಈಗ ಅಸಲಿ ಕೆಲಸ. ಬೆಂಗಳೂರಿನ ಎಸ್.ಪಿ. ರೋಡ್ ಆಗಲಿ, ನಿಮ್ಮೂರಿನ ಅಂಗಡಿ ಆಗಲಿ, ಅರ್ಧ ಗಂಟೆ ಕೂತು ನೋಡಲು ಬಿಡದಿದ್ದರೆ ಎದ್ದು ಬನ್ನಿ.

ಮೊದಲು ಚಾರ್ಜರ್ ತೆಗೆಸಿ, ಯೂಟ್ಯೂಬ್‌ನಲ್ಲಿ ಒಂದು ವಿಡಿಯೊ ಹಾಕಿಬಿಡಿ. ಬ್ಯಾಟರಿ ಎಷ್ಟು ಶೇಕಡಾ ಇದೆ ಅಂತ ಬರೆದಿಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ 20 ಇಳಿದರೆ ಪೂರ್ತಿ ಚಾರ್ಜಿಗೆ ಸುಮಾರು ಎರಡೂವರೆ ಗಂಟೆ ಬಂದೀತು. 40 ಇಳಿದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಟಚ್‌ಪ್ಯಾಡ್ ಉಬ್ಬಿದೆಯಾ, ಬೆರಳಿಟ್ಟು ನೋಡಿ. ಉಬ್ಬಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಅಂಥದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ.

ವಿಡಿಯೊ ಓಡುತ್ತಿರುವಾಗಲೇ ಹಿಂಜ್ ನೋಡಿ. ಮುಚ್ಚಳದ ಒಂದು ಮೂಲೆ ಹಿಡಿದು ನಿಧಾನಕ್ಕೆ ತೆರೆದು ಮುಚ್ಚಿ. ಕಿರ್ ಅಂದರೆ, ಹಿಂಜ್ ಹತ್ತಿರ ಪ್ಲಾಸ್ಟಿಕ್ ಬಾಯಿ ಬಿಟ್ಟರೆ ಬೇಡ. ದಿನಾ ಬ್ಯಾಗಿನಲ್ಲಿ ಬಸ್ಸು ಹತ್ತುವ ಲ್ಯಾಪ್‌ಟಾಪಿನಲ್ಲಿ ಇದು ಬೇಗ ಕೈಕೊಡುವ ಜಾಗ. ಮೈಮೇಲೆ ಹೊಸ ಸ್ಕಿನ್ (ಸ್ಟಿಕರ್ ಹಾಳೆ) ಅಂಟಿಸಿದ್ದರೆ ಮೂಲೆಯಲ್ಲಿ ಸ್ವಲ್ಪ ಎಬ್ಬಿಸಿ ನೋಡಿ, ಕೆಳಗೆ ಬಿರುಕು ಇರಬಹುದು.

ಹೆಚ್ಚಿನವರು ಎಡವುವುದು ಕಂಪನಿ ಲಾಕ್ ವಿಷಯದಲ್ಲಿ. ಹಳೆಯ ಕಂಪನಿ ತನ್ನ ಲೆಕ್ಕದಿಂದ ಲ್ಯಾಪ್‌ಟಾಪನ್ನು ತೆಗೆದುಹಾಕದಿದ್ದರೆ ಅದು ಇನ್ನೂ ಅವರದೇ ಅಂತ ಮೈಕ್ರೋಸಾಫ್ಟ್ ಸರ್ವರಿನಲ್ಲಿ ಇರುತ್ತದೆ. ಇಂಟರ್ನೆಟ್ ಇಲ್ಲದೆ ವಿಂಡೋಸ್ ಹಾಕಿದ್ದರೆ ಅಂಗಡಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಮುಂದೆ ಯಾವತ್ತೋ ಎಲ್ಲ ಅಳಿಸಿ ರೀಸೆಟ್ ಮಾಡಿದಾಗ ಕಂಪನಿಯ ಹೆಸರು ಬಂದು ಅವರ ಇಮೇಲ್, ಪಾಸ್‌ವರ್ಡ್ ಕೇಳುತ್ತದೆ. ಆ ನೋಂದಣಿ ತೆಗೆಸಲು ಹಳೆಯ ಕಂಪನಿಯ ಬಾಗಿಲಿಗೇ ಅಲೆಯಬೇಕು. ಆದ್ದರಿಂದ ನಿಮ್ಮ ಮುಂದೆಯೇ ರೀಸೆಟ್ ಮಾಡಿಸಿ, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ವಿಂಡೋಸ್ ಶುರು ಮಾಡಿಸಿ. ಇದಕ್ಕೆ ಇನ್ನೊಂದಿಷ್ಟು ಹೊತ್ತು ಹಿಡಿಯುತ್ತದೆ, ಚಾರ್ಜರ್ ಹಾಕಿಯೇ ಮಾಡಿಸಿ. ‘ಸುಮ್ನೆ ಯಾಕೆ ಸರ್’ ಅಂದರೂ ಬಿಡಬೇಡಿ. ಬಯೋಸ್ (ವಿಂಡೋಸಿಗೂ ಮೊದಲು ಬರುವ ಮೂಲ ಸೆಟ್ಟಿಂಗ್) ಕೂಡ ತೆರೆಯಬೇಕು: ಆನ್ ಆಗುವಾಗ ಥಿಂಕ್‌ಪ್ಯಾಡಿಗೆ ಎಫ್1, ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10 ಒತ್ತಿ. ಪಾಸ್‌ವರ್ಡ್ ಕೇಳಿದರೆ ಆ ಲ್ಯಾಪ್‌ಟಾಪ್ ಬೇಡ. ಬಯೋಸಿನಲ್ಲಿರುವ ಸೀರಿಯಲ್ ನಂಬರ್ ಲ್ಯಾಪ್‌ಟಾಪಿನ ತಳದ ಸ್ಟಿಕರಿಗೆ ಹೊಂದಬೇಕು. ಡೆಲ್‌ನಲ್ಲಿ ಇದನ್ನು ಸರ್ವಿಸ್ ಟ್ಯಾಗ್ ಅನ್ನುತ್ತಾರೆ.

4. ನೋಟ್‌ಪ್ಯಾಡಿನಲ್ಲಿ ಪ್ರತಿ ಕೀ ಒತ್ತಿ, ಪ್ರತಿ ಯುಎಸ್‌ಬಿ ಪೋರ್ಟಿಗೂ ಪೆನ್‌ಡ್ರೈವ್ ಹಾಕಿ, ಕ್ಯಾಮೆರಾ ಆನ್ ಮಾಡಿ.

5. ಸೀರಿಯಲ್ ನಂಬರ್ ಮತ್ತು ವಾರಂಟಿ ಬರೆದ ಜಿಎಸ್‌ಟಿ ಬಿಲ್ ಪಡೆಯಿರಿ. ಬಾಯಿಮಾತಿನ ವಾರಂಟಿ ಲೆಕ್ಕಕ್ಕಿಲ್ಲ.

ಬಿಕಾಂ, ಬಿಎ, ಬಿಎಸ್ಸಿ, ಕೋಡಿಂಗ್ ಕಲಿಯುವವರಿಗೆ ಇಷ್ಟು ಸಾಕು. ಆರ್ಕಿಟೆಕ್ಚರ್ ಅಥವಾ ವಿಡಿಯೊ ಎಡಿಟಿಂಗ್ ಓದುವವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು, ಈ ಬಜೆಟ್ ಸಾಲದು. ರ‍್ಯಾಮ್ ಸ್ಲಾಟ್ ಖಾಲಿ ಇದೆಯಾ ಕೇಳಿಕೊಳ್ಳಿ. ಟಿ480ರಲ್ಲಿ ಎರಡು ಸ್ಲಾಟ್ ಇವೆ, ಮುಂದೆ 16 ಜಿಬಿ ಮಾಡಿಕೊಳ್ಳಬಹುದು. ಚಾರ್ಜರ್ ಮಾತ್ರ ಡೂಪ್ಲಿಕೇಟ್ ಕೊಟ್ಟರೆ ಒಪ್ಪಬೇಡಿ. ತಯಾರಕರದೇ ಚಾರ್ಜರ್ ಬೇಕೆಂದು ಕೇಳಿ, ಐನೂರೋ ಸಾವಿರವೋ ಜಾಸ್ತಿಯಾದರೂ ಸರಿ.