ಶಿಡ್ಲಘಟ್ಟದ ಹುಳು ಮನೆಯಲ್ಲಿ ಆಕಾಶವಾಣಿ: ನಿಲಯ ಹಿಡಿಯುವ ಬಗೆ

ನಮ್ಮ ದೊಡ್ಡಪ್ಪನವರ ಹುಳು ಮನೆ, ಅಂದರೆ ರೇಷ್ಮೆ ಹುಳು ಸಾಕುವ ಮನೆ, ಶಿಡ್ಲಘಟ್ಟ ತಾಲ್ಲೂಕಿನಲ್ಲಿದೆ. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಹುಳುವಿಗೆ ಬೆಳಗಿನ ಸೊಪ್ಪು ಹಾಕುವ ಹೊತ್ತಿನಲ್ಲಿ ಎರಡೂ ಕೈಗೆ ಬಿಡುವಿರುವುದಿಲ್ಲ, ಕಣ್ಣು ತಟ್ಟೆಯ ಮೇಲೆಯೇ ಇರಬೇಕು. ಆಗ ಜೊತೆಗಿರಬಲ್ಲದ್ದು ರೇಡಿಯೊ ಒಂದೇ. ಹಳೆಯ ಸೆಟ್ ಕೆಟ್ಟು ಹೊಸದನ್ನು ತಂದಾಗ ಗರಗರ ಸದ್ದಿನ ಹೊರತು ಏನೂ ಕೇಳಿಸಲಿಲ್ಲವಾಗಿ, "ಬೆಂಗಳೂರು ಸ್ಟೇಷನ್ನು ಈಗ ನಮ್ ಕಡೆ ಬರಲ್ಲ ಕಣಪ್ಪ" ಎಂದು ಅವರು ಅದನ್ನು ಗೂಡಿನಲ್ಲಿಟ್ಟು ಮರೆತಿದ್ದರು. ನಾನು ಹೋದಾಗ ಮಾಡಿದ್ದು ಇಷ್ಟೇ: ಸೆಟ್ಟನ್ನು ಹೊರಗೆ ತಂದು ಕಾಲು ಸುತ್ತು ತಿರುಗಿಸಿದೆ. ಮಾತು ಸ್ಪಷ್ಟವಾಯಿತು. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಇಂಥ ಎಷ್ಟೋ ಸೆಟ್ಟುಗಳು ಸುಮ್ಮನೆ ಮೂಲೆ ಸೇರಿವೆ ಎಂಬುದು ನನ್ನ ಅನಿಸಿಕೆಯಾದ್ದರಿಂದ ಆ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಸೆಟ್ಟಿನಲ್ಲಿ ಮೀಡಿಯಂ ವೇವ್ ಬ್ಯಾಂಡ್ ಇದೆಯೇ ಎಂದು ನೋಡಿಕೊಳ್ಳಿ. ಕೆಲವು ಸೆಟ್ಟುಗಳಲ್ಲಿ ಇದನ್ನು ಎ.ಎಂ. ಎಂದು ಬರೆದಿರುತ್ತಾರೆ. 1955ರಲ್ಲಿ ಆರಂಭವಾದ ಆಕಾಶವಾಣಿ ಬೆಂಗಳೂರು ನಿಲಯದ ಮುಖ್ಯ ಪ್ರಸಾರ 612 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸುಮಾರು 490 ಮೀಟರ್ ಉದ್ದದ ಅಲೆಯ ಮೇಲೆ ಬರುತ್ತದೆ. ಇಷ್ಟು ಉದ್ದದ ಅಲೆ ನೆಲವನ್ನು ಹಿಡಿದುಕೊಂಡೇ ಸಾಗುವುದರಿಂದ ನಡುವೆ ನಂದಿ ಬೆಟ್ಟವಿದ್ದರೂ ಕೋಲಾರ, ತುಮಕೂರು, ಚಿಕ್ಕಬಳ್ಳಾಪುರಗಳನ್ನು ಹಗಲಿನಲ್ಲಿ ನಿರಾತಂಕವಾಗಿ ತಲುಪುತ್ತದೆ. ಮುಳ್ಳು ಇರುವ ಸೆಟ್ಟಾದರೆ ಬ್ಯಾಂಡಿನ ಕೆಳಗಿನ ತುದಿಯಿಂದ ನಿಧಾನವಾಗಿ ಮೇಲೆ ಬಂದು, 600ನ್ನು ದಾಟಿದ ಕೂಡಲೇ ಹುಡುಕಬೇಕು.

ದಿಕ್ಕಿನ ವಿಷಯ ಬಹಳ ಮುಖ್ಯ. ಮೀಡಿಯಂ ವೇವ್‌ಗೆ ನಾವು ಮೇಲೆಳೆಯುವ ಉಕ್ಕಿನ ಕಡ್ಡಿ ಉಪಯೋಗಕ್ಕೆ ಬರುವುದಿಲ್ಲ. ಪೆಟ್ಟಿಗೆಯೊಳಗೆ, ಸಾಮಾನ್ಯವಾಗಿ ಅದರ ಉದ್ದಕ್ಕೆ, ತಾಮ್ರದ ತಂತಿ ಸುತ್ತಿದ ಫೆರೈಟ್ ಎಂಬ ಕಪ್ಪು ದಂಡವೊಂದು ಮಲಗಿರುತ್ತದೆ. ಅಲೆಯನ್ನು ಹಿಡಿಯುವುದು ಅದು. ದಂಡದ ಮಗ್ಗುಲು ನಿಲಯದ ಕಡೆಗಿದ್ದರೆ ಧ್ವನಿ ತುಂಬಿ ಬರುತ್ತದೆ, ಅದರ ತುದಿ ನಿಲಯದ ಕಡೆಗಿದ್ದರೆ ಬಡವಾಗುತ್ತದೆ. ಆದ್ದರಿಂದ ಸೆಟ್ಟಿನ ಮುಖವಾಗಲಿ ಬೆನ್ನಾಗಲಿ ಬೆಂಗಳೂರಿನ ಕಡೆಗಿರಬೇಕು: ಕೋಲಾರದವರಿಗೆ ಅದು ಪಡುವಣ, ತುಮಕೂರಿನವರಿಗೆ ಆಗ್ನೇಯ, ಶಿಡ್ಲಘಟ್ಟದವರಿಗೆ ನೈಋತ್ಯ. ಗೋಡೆಯ ಮೊಳೆಗೆ ನೇತುಹಾಕುವವರು ಸರಿಯಾದ ಗೋಡೆಯನ್ನು ಆರಿಸಿಕೊಂಡರೆ ಸಾಕು. ನಿಲಯ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ಬೆಳಗಿನ ಪ್ರಸಾರಕ್ಕೆ ಮುನ್ನ ಬರುವ ಸಂಕೇತ ಸಂಗೀತಕ್ಕಿಂತ ಉತ್ತಮ ಸಾಧನವಿಲ್ಲ. ವಾಲ್ಟರ್ ಕೌಫ್‌ಮನ್ 1930ರ ದಶಕದಲ್ಲಿ ರಚಿಸಿದ, ಶಿವರಂಜನಿಯ ಛಾಯೆಯುಳ್ಳ ಆ ನಾದದಲ್ಲಿ ಪಿಟೀಲಿನ ಕೆಳಗೆ ತಂಬೂರಿಯ ಶ್ರುತಿಯೂ ಕೇಳಿಸುತ್ತಿದ್ದರೆ ಇನ್ನು ತಿರುಪನ್ನು ಮುಟ್ಟಬೇಡಿ.

ಇಷ್ಟಾದರೂ ಗರಗರ ನಿಲ್ಲದಿದ್ದರೆ ಕಾರಣವನ್ನು ಮನೆಯೊಳಗೇ ಹುಡುಕಬೇಕು. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್, ಪಂಪ್‌ಸೆಟ್ಟಿನ ಸ್ಟಾರ್ಟರ್ ಇವೆಲ್ಲ ಮೀಡಿಯಂ ವೇವ್‌ಗೆ ಕಿರುಕುಳ ಕೊಡುತ್ತವೆ. ಒಂದೊಂದನ್ನೇ ಆರಿಸುತ್ತ ಬಂದರೆ ತಪ್ಪಿತಸ್ಥ ಯಾವುದೆಂದು ಗೊತ್ತಾಗುತ್ತದೆ; ದೊಡ್ಡಪ್ಪನವರಲ್ಲಿ ಅದು ಬಾಗಿಲ ಮೇಲಿನ ಬಲ್ಬಾಗಿತ್ತು. ಕರೆಂಟಿನ ಬದಲು ಸೆಲ್ ಹಾಕಿ ಕೇಳುವುದು ಮೇಲು. ತಗಡಿನ ಶೀಟು ಹೊದಿಸಿದ ಹುಳು ಮನೆಯಲ್ಲಿ ಕಿಟಕಿಯ ಬಳಿಯೇ ಇಡಬೇಕು. ರಾತ್ರಿಯ ವೇಳೆ ದೂರದೂರುಗಳ ನಿಲಯಗಳು ಆಕಾಶದ ಮೇಲ್ಪದರದಿಂದ ಪ್ರತಿಫಲಿಸಿ ಬಂದು ನಡುವೆ ಸೇರಿಕೊಳ್ಳುವುದುಂಟು. ಅದು ಸೆಟ್ಟಿನ ದೋಷವಲ್ಲ.

ಎಫ್‌ಎಂನ ರೀತಿ ಬೇರೆ. ಕನ್ನಡ ಕಾಮನಬಿಲ್ಲು 101.3ರಲ್ಲಿ, ವಿವಿಧ ಭಾರತಿ 102.9ರಲ್ಲಿ ಬೆಂಗಳೂರಿನಿಂದ ಬರುತ್ತವೆ. ಈ ಅಲೆಯ ಉದ್ದ ಮೂರು ಮೀಟರಿನಷ್ಟೇ ಆದ್ದರಿಂದ ಅದು ನೇರವಾಗಿ ಸಾಗುತ್ತದೆ, ಬೆಟ್ಟದ ಮರೆಯಲ್ಲಿ ಸೊರಗುತ್ತದೆ. ಇಲ್ಲಿ ಕಡ್ಡಿಯನ್ನು ಮುಕ್ಕಾಲು ಮೀಟರಿನಷ್ಟು ಎಳೆದು, ಮಾಳಿಗೆಯ ಮೇಲೆ ಇಲ್ಲವೇ ಎತ್ತರದ ಕಿಟಕಿಯಲ್ಲಿಟ್ಟು ಪ್ರಯತ್ನಿಸಬೇಕು.

ನಿಲಯ ಸಿಕ್ಕ ಮೇಲೆ ಏನು ಕೇಳಬೇಕೆಂಬುದು ಉಳಿಯುತ್ತದೆ. ಬೆಳಿಗ್ಗೆ ವಂದೇ ಮಾತರಂ, ಮಂಗಳವಾದ್ಯ, ಭಕ್ತಿಗೀತೆಗಳಿಂದ ತೊಡಗಿ ವಾರ್ತೆ, ಪ್ರದೇಶ ಸಮಾಚಾರ, ಕೃಷಿ ಕಾರ್ಯಕ್ರಮ, ಜಾನಪದ, ನಾಟಕ, ಶಾಸ್ತ್ರೀಯ ಸಂಗೀತದವರೆಗೆ ಒಂದೇ ನಿಲಯದಲ್ಲಿ ಬರುವ ವೈವಿಧ್ಯವನ್ನು ಬರೀ ಹಾಡು ಹುಡುಕುವವರು ಕಾಣಲಾರರು. ನನ್ನ ಸಲಹೆ ಏನೆಂದರೆ, ಒಂದು ವಾರ ಸೆಟ್ಟಿನ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟು, ಉದ್ಘೋಷಕರು ಹೇಳಿದ ಕಾರ್ಯಕ್ರಮದ ಹೆಸರು ಮತ್ತು ವೇಳೆಯನ್ನು ಗುರುತು ಹಾಕಿಕೊಳ್ಳಿ. ದೊಡ್ಡಮ್ಮ ಇದನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಚಂದ್ರಂಕಿಯ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ) ಪಕ್ಕದ ಕಂಬಕ್ಕೆ ಅಂಟಿಸಿದ್ದಾರೆ; ಈಗ ನಾಟಕದ ದಿನ ರಾತ್ರಿಯ ಸೊಪ್ಪು ಸ್ವಲ್ಪ ಮುಂಚೆಯೇ ಬೀಳುತ್ತದೆ.

ಕೇಳಿದವರು ನಿಲಯಕ್ಕೆ ಬರೆಯಬೇಕು. ಕಾರ್ಯಕ್ರಮದ ಹೆಸರು, ದಿನಾಂಕ, ವೇಳೆ, ನಿಮ್ಮ ಊರು ಮತ್ತು ತಾಲ್ಲೂಕನ್ನು ಮೊದಲೇ ನಮೂದಿಸಿ, "ಚೆನ್ನಾಗಿತ್ತು" ಎಂದಷ್ಟೇ ಬರೆಯದೆ ಯಾವ ಮಾತು ಉಪಯೋಗಕ್ಕೆ ಬಂತು, ಯಾವುದು ಅರ್ಥವಾಗಲಿಲ್ಲ ಎಂದು ತಿಳಿಸಿ. ಕೃಷಿ ವಿಭಾಗಕ್ಕೆ ಪ್ರಶ್ನೆ ಕಳುಹಿಸುವಾಗ ಬೆಳೆಯ ತಳಿ, ವಯಸ್ಸು, ನೀರಿನ ಅನುಕೂಲಗಳನ್ನು ಬರೆದರೆ ತಜ್ಞರು ಖಚಿತವಾಗಿ ಉತ್ತರಿಸಬಲ್ಲರು.

ಸೆಟ್ ಇಲ್ಲದವರಿಗೆ ನ್ಯೂಸ್ ಆನ್ ಏರ್ ಎಂಬ ಆ್ಯಪ್ ಇದೆ. ದೇಶದ ಇನ್ನೂರಕ್ಕೂ ಹೆಚ್ಚು ಆಕಾಶವಾಣಿ ವಾಹಿನಿಗಳು ಅದರಲ್ಲಿ ಸಿಗುವುದರಿಂದ ಹೊರರಾಜ್ಯದಲ್ಲಿರುವ ಮಕ್ಕಳೂ ಬೆಂಗಳೂರು ನಿಲಯವನ್ನು ಕೇಳಬಹುದು. ಆದರೆ ಆ್ಯಪಿನ ಧ್ವನಿ ರೇಡಿಯೊಗಿಂತ ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಗೋಡೆ ಗಡಿಯಾರ ಸರಿಪಡಿಸುವವರು ಸೆಟ್ಟಿನಲ್ಲಿ ಕೇಳಿದ ಸಮಯವನ್ನೇ ಇಡಬೇಕು.