ಪಂಚಾಯ್ತಿ ಓಟಿಗೆ ಕಾರ್ಡ್ ಇದ್ದರೆ ಸಾಲದು: ಡ್ಯೂಟಿ ಮಾಡಿದ ಟೀಚರ್ ಹೇಳುವ ಮಾತು

2020ರ ಡಿಸೆಂಬರ್, ಗ್ರಾಮ ಪಂಚಾಯ್ತಿ ಚುನಾವಣೆ. ತಿಪಟೂರು ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ನನಗೆ ಡ್ಯೂಟಿ. ಮಾಸ್ಕ್ ಹಾಕಿಕೊಂಡು, ಮತದಾರರ ಪಟ್ಟಿ ಹಿಡಿದು ಕೂತಿದ್ದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಒಬ್ಬ ಹೆಣ್ಣುಮಗಳು ಕಣದಿಂದ ನೇರವಾಗಿ ಬಂದಳು. ಸೆರಗಿನ ತುಂಬಾ ರಾಗಿ ಹೊಟ್ಟು. ಕೈಯಲ್ಲಿ ಎಪಿಕ್ ಕಾರ್ಡು, ಅಂದರೆ ಫೋಟೋ ಇರುವ ಓಟರ್ ಐಡಿ. ಪಟ್ಟಿಯಲ್ಲಿ ಮೂರು ಸಲ ಹುಡುಕಿದೆ, ಹೆಸರಿಲ್ಲ.

"ಕಾರ್ಡ್ ಇದೆಯಲ್ಲಾ ಮೇಡಂ?"

"ಕಾರ್ಡ್ ನಿಂದೇ ಕಣಮ್ಮ. ಹೆಸರು ಮಾತ್ರ ನಿನ್ನ ತವರೂರಲ್ಲಿದೆ."

ಮದುವೆಯಾಗಿ ನಾಲ್ಕು ವರ್ಷ. ರೇಷನ್ ಕಾರ್ಡಿಗೆ ಹೆಸರು ಸೇರಿಸಿದ್ದರು, ಆಧಾರ್ ವಿಳಾಸ ಬದಲಾಯಿಸಿದ್ದರು. ಓಟಿನ ನೆನಪು ಯಾರಿಗೂ ಆಗಿರಲಿಲ್ಲ. ಅವಳ ಮೈದುನನೇ ಆ ಸಲ ನಿಂತಿದ್ದ, ಆದರೂ!

ನಾನು ಸುಮಾರು ಹತ್ತು ವರ್ಷ ಬಿಎಲ್‌ಒ (ಮನೆ ಮನೆಗೆ ಹೋಗಿ ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ) ಕೆಲಸ ಮಾಡಿದ್ದೇನೆ, ಬೂತ್ ಡ್ಯೂಟಿ ಎಷ್ಟು ಸಲ ಆಯಿತೋ ಲೆಕ್ಕ ಇಟ್ಟಿಲ್ಲ. ಈಗ ರಿಟೈರ್ ಆಗಿದ್ದೇನೆ. ಬೂತಿನಿಂದ ಬೇಜಾರಾಗಿ ವಾಪಸ್ ಹೋದವರಲ್ಲಿ ಹೆಚ್ಚಿನವರ ಹತ್ತಿರ ಕಾರ್ಡು ಇತ್ತು. ಕಾರ್ಡು ನೀವು ಯಾರು ಅಂತ ಹೇಳುತ್ತದೆ, ಅಷ್ಟೇ. ಓಟು ಹಾಕುವ ಹಕ್ಕು ಇರುವುದು ಪಟ್ಟಿಯಲ್ಲಿ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡು ಮನೆಯಲ್ಲಿ ಬಿಟ್ಟು ಬಂದವರು ಆಧಾರ್, ಡಿಎಲ್, ಫೋಟೋ ಇರುವ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್ ಹೀಗೆ ಏನಾದರೂ ತೋರಿಸಿ ಓಟು ಹಾಕಿ ಹೋಗುತ್ತಾರೆ. ಕಾರ್ಡ್ ಇದ್ದು ಹೆಸರಿಲ್ಲದವರಿಗೆ ಆ ದಿನ ಯಾರೂ ಏನೂ ಮಾಡಲಾಗುವುದಿಲ್ಲ.

ಹಾಗಾದರೆ ಪಂಚಾಯ್ತಿ ಪಟ್ಟಿಗೆ ಹೆಸರು ಎಲ್ಲಿ ಕೊಡಬೇಕು? ಇದಕ್ಕೆ ಬೇರೆ ಅರ್ಜಿ ಇಲ್ಲ. ವಿಧಾನಸಭೆಗೆ ಇರುವ ಮತದಾರರ ಪಟ್ಟಿಯನ್ನೇ ತೆಗೆದುಕೊಂಡು ವಾರ್ಡ್‌ವಾರು, ಕ್ಷೇತ್ರವಾರು ಹಂಚುತ್ತಾರೆ. ವಿಧಾನಸಭೆ, ಲೋಕಸಭೆ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ಪಂಚಾಯ್ತಿ, ಪುರಸಭೆ, ನಗರಸಭೆಯದ್ದು ರಾಜ್ಯ ಚುನಾವಣಾ ಆಯೋಗ. ಎರಡೂ ಬೇರೆ ಬೇರೆ. ಆದರೆ ಮೂಲ ಪಟ್ಟಿ ಒಂದೇ. ಹಾಗಾಗಿ ಅಲ್ಲಿ ಹೆಸರು ಸರಿ ಇದ್ದರೆ ಅರ್ಧ ಕೆಲಸ ಆದ ಹಾಗೆ.

ಮೊದಲ ಸಲ ಸೇರುವವರಿಗೆ ಫಾರಂ 6. ಫೋಟೋ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ ಬೇಕು. ಮೊದಲೆಲ್ಲಾ ಜನವರಿ 1ಕ್ಕೆ 18 ತುಂಬಿರಬೇಕಿತ್ತು. ಡಿಸೆಂಬರ್‌ವರೆಗೂ ಕಾಯಬೇಕು ಅಂತ ಹುಡುಗರು ಗೊಣಗುತ್ತಿದ್ದರು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ನಾಲ್ಕು ದಿನಾಂಕ ಇವೆ. 17 ದಾಟಿದವರು ಮುಂಚೆಯೇ ಅರ್ಜಿ ಕೊಟ್ಟಿಡಬಹುದು. ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಈಗಲೇ ಕೂರಿಸಿ ತುಂಬಿಸಿ.

ಮನೆ ಬದಲಾಯಿಸಿದವರಿಗೆ, ಮದುವೆಯಾಗಿ ಬೇರೆ ಊರಿಗೆ ಬಂದವರಿಗೆ ಫಾರಂ 8. ಆ ಹೆಣ್ಣುಮಗಳ ಕಾಲದಲ್ಲಿ ಬೇರೆ ವಿಧಾನಸಭಾ ಕ್ಷೇತ್ರಕ್ಕೆ ಹೋದವರೂ ಫಾರಂ 6 ಕೊಡಬೇಕಿತ್ತು. ಈಗ ಎಲ್ಲ ವರ್ಗಾವಣೆಗೂ 8 ಒಂದೇ. ಹೆಸರಿನ ಸ್ಪೆಲ್ಲಿಂಗ್ ತಿದ್ದುವುದಕ್ಕೂ, ಕಾರ್ಡು ಕಳೆದು ಹೊಸದು ಬೇಕಾದರೂ ಅದೇ. ತವರಲ್ಲಿ ಹೆಸರಿರಲಿ, ಇಲ್ಲೂ ಒಂದಿರಲಿ ಅಂತ ಹೊಸದಾಗಿ ಫಾರಂ 6 ಹಾಕಬೇಡಿ. ಎರಡು ಕಡೆ ಹೆಸರು ಇರುವ ಹಾಗಿಲ್ಲ. ಬೇರೆಲ್ಲೂ ನನ್ನ ಹೆಸರಿಲ್ಲ ಅಂತ ಸುಳ್ಳು ಬರೆದು ಸಹಿ ಹಾಕಿದರೆ ಅದು ಅಪರಾಧ. ತೀರಿಕೊಂಡವರ ಹೆಸರು ತೆಗೆಸುವುದಕ್ಕೆ ಫಾರಂ 7. ಅಪ್ಪ ಅಮ್ಮನ ಹೆಸರಿಗೆ ಆ ಫಾರಂ ಬರೆಯುವುದು ಸುಲಭವಲ್ಲ. ಒಬ್ಬರ ಮನೆಗೆ ನಾನು ಮೂರು ಸಲ ಹೋಗಿದ್ದೆ. ಮೂರೂ ಸಲ ಕಾಫಿ ಕೊಟ್ಟು ಕಳಿಸಿದರು.

ಅರ್ಜಿಯನ್ನು ಭಾರತ ಚುನಾವಣಾ ಆಯೋಗದ ವೋಟರ್ಸ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಬಿಎಲ್‌ಒ ಕೈಗೆ ಅಥವಾ ತಾಲ್ಲೂಕು ಆಫೀಸಿಗೂ ಕೊಡಬಹುದು. ನಿಮ್ಮ ಬಿಎಲ್‌ಒ ಯಾರೆಂದು ಗೊತ್ತಿಲ್ಲದಿದ್ದರೆ 1950ಕ್ಕೆ ಫೋನ್ ಮಾಡಿ. ಫಾರಂ ತುಂಬುವಾಗ ಮನೆಯವರೊಬ್ಬರ ಎಪಿಕ್ ನಂಬರ್ ಕೊಟ್ಟರೆ ನಮಗೆ ಹುಡುಕುವುದು ಸುಲಭ. ಬರೀ "ದೇವಸ್ಥಾನದ ಹತ್ತಿರ" ಅಂತ ವಿಳಾಸ ಬರೆದರೆ ಬಿಎಲ್‌ಒ ಎಲ್ಲಿ ಅಂತ ಹೋಗಬೇಕು ಹೇಳಿ? ನಮ್ಮೂರಲ್ಲೇ ಐದು ದೇವಸ್ಥಾನ ಇವೆ. ಅರ್ಜಿ ಕೊಟ್ಟಮೇಲೆ ಬರುವ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ.

ಇಷ್ಟಾದರೆ ಮುಗಿಯಿತು ಅಂದುಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. 2015ರ ಪಂಚಾಯ್ತಿ ಚುನಾವಣೆಗೆ ಮುಂಚೆ ಕರಡು ಪಟ್ಟಿ ಅಂಟಿಸಿದ್ದರು. ನಮ್ಮ ಯಜಮಾನರು ಹಾಲಿನ ಡೈರಿಗೆ ಹೋದವರು ದಾರಿಯಲ್ಲಿ ನಿಂತು ನೋಡಿ ಬಂದು, "ನಿನ್ನನ್ನ ಪಕ್ಕದ ವಾರ್ಡಿಗೆ ಕೊಟ್ಟುಬಿಟ್ಟಿದ್ದಾರೆ ಕಣೇ" ಅಂದರು. ಒಂದೇ ಮನೆ, ಒಂದೇ ಒಲೆ, ಅವರೊಂದು ವಾರ್ಡು ನಾನೊಂದು ವಾರ್ಡು! ಊರಿನವರ ಹೆಸರೆಲ್ಲಾ ಸರಿ ಮಾಡುತ್ತಾ ತಿರುಗುವ ಟೀಚರ್ ಹೆಸರೇ ತಪ್ಪಿತ್ತು. ಆಕ್ಷೇಪಣೆಗೆ ಕೊಟ್ಟಿದ್ದ ದಿನ ಇನ್ನೂ ಮುಗಿದಿರಲಿಲ್ಲ. ಬರೆದು ಕೊಟ್ಟೆ, ಸರಿ ಮಾಡಿದರು. ವಿಧಾನಸಭೆ ಪಟ್ಟಿಯಲ್ಲಿ ಇದ್ದವರು ಪಂಚಾಯ್ತಿ ಪಟ್ಟಿಯಲ್ಲಿ ರಸ್ತೆ ದಾಟಿ ಹೋಗಿರುವುದು ಅಪರೂಪವಲ್ಲ. ಕರಡು ಪಟ್ಟಿ ಅಂಟಿಸಿದ ದಿನವೇ ಹೋಗಿ ಬೆರಳಿಟ್ಟು ನೋಡಿ. ನಿಮ್ಮ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

ಇನ್ನು ಓಟಿನ ದಿನ. 2020ರಲ್ಲಿ ಬೀದರ್ ಜಿಲ್ಲೆ ಬಿಟ್ಟರೆ ಎಲ್ಲ ಕಡೆ ಪಂಚಾಯ್ತಿಗೆ ಮತಪತ್ರವೇ, ಮಿಷನ್ ಅಲ್ಲ. ಮಿಷನ್ ಒತ್ತಿ ರೂಢಿಯಾದವರು ಇಲ್ಲೇ ಎಡವುವುದು.

ಗ್ರಾಮ ಪಂಚಾಯ್ತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಆಯೋಗ ಕೊಟ್ಟ ಆಟೊ, ಹೊಲಿಗೆ ಮಿಷನ್ ಇಂಥವು ಇರುತ್ತವೆ. ಹೂವು, ಕೈ, ತೆನೆ ಹೊತ್ತ ಮಹಿಳೆ ಹುಡುಕಿ ಗಾಬರಿಯಾಗಬೇಡಿ. ನಿಮ್ಮವರ ಚಿಹ್ನೆ ಮೊದಲೇ ನೋಡಿಕೊಂಡು ಬನ್ನಿ. ಒಂದು ಕ್ಷೇತ್ರದಲ್ಲಿ ಎರಡೋ ಮೂರೋ ಸ್ಥಾನ ಇದ್ದರೆ ನಿಮಗೂ ಅಷ್ಟೇ ಓಟು. ಮೂರು ಸ್ಥಾನಕ್ಕೆ ಮೂರು ಜನರ ಮುಂದೆ ಒತ್ತಬಹುದು. ಒಬ್ಬರಿಗೆ ಮಾತ್ರ ಒತ್ತಿ ಬಂದರೂ ತಪ್ಪಿಲ್ಲ. ಆದರೆ ನಾಲ್ಕು ಜನರಿಗೆ ಒತ್ತಿದಿರೋ, ಇಡೀ ಮತಪತ್ರ ತಿರಸ್ಕಾರ. ಒಬ್ಬರಿಗೇ ಮೂರು ಸಲ ಒತ್ತಿದರೆ ಮೂರು ಓಟು ಆಗುವುದಿಲ್ಲ.

ಹೆಬ್ಬೆಟ್ಟಿನವರಿಗೆ ಒಂದು ಮಾತು. ಮತಪತ್ರ ಕೊಡುವಾಗ ಅದರ ಕೌಂಟರ್‌ಫಾಯಿಲ್ (ಹರಿದ ಮೇಲೆ ನಮ್ಮಲ್ಲೇ ಉಳಿಯುವ ತುಂಡು) ಮೇಲೆ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳುತ್ತೇವೆ. ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳದೆ ಒಳಗೆ ಹೋದರೆ ಅದು ಮತಪತ್ರಕ್ಕೂ ಹತ್ತುತ್ತದೆ. ಕೆಲವರಂತೂ ಅಲ್ಲೂ ಹೆಬ್ಬೆಟ್ಟೇ ಒತ್ತಬೇಕು ಅಂದುಕೊಳ್ಳುತ್ತಾರೆ. ಎಣಿಕೆ ಡ್ಯೂಟಿಯಲ್ಲಿ ಅಂಥದ್ದೊಂದು ನೋಡಿದ್ದೆ. ಆಟೊ ಗುರುತಿನ ಪಕ್ಕ ಅಚ್ಚುಕಟ್ಟಾಗಿ ಒಂದು ಹೆಬ್ಬೆಟ್ಟು. ಯಾರಿಗೆ ಓಟು ಅಂತ ಕಣ್ಣಿಗೆ ಕಾಣುತ್ತಿದೆ, ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಒದ್ದೆ ಬಟ್ಟೆ ಮೇಜಿನ ಮೇಲೇ ಇರುತ್ತದೆ. ಕೇಳಿ ಒರೆಸಿಕೊಳ್ಳಿ.

ಒತ್ತುವುದಕ್ಕೆ ಆರೋ ಕ್ರಾಸ್ ಸೀಲು ಕೊಡುತ್ತೇವೆ. ಒತ್ತಿದ ಮೇಲೆ ಮೊದಲು ನಿಲುವಾಗಿ ಮಡಿಸಿ, ಅಂದರೆ ಎಡ ಅಂಚು ಬಲ ಅಂಚು ಕೂಡುವ ಹಾಗೆ. ಆಮೇಲೆ ಅಡ್ಡಕ್ಕೆ. ಉಲ್ಟಾ ಮಡಿಸಿದರೆ ಹಸಿ ಶಾಯಿ ಇನ್ನೊಬ್ಬ ಅಭ್ಯರ್ಥಿಯ ಸಾಲಿಗೆ ಅಂಟುತ್ತದೆ. ನಿಲುವಾಗಿ ಮಡಿಸಿದರೆ ಅಂಟಿದರೂ ಅದೇ ಸಾಲಿನಲ್ಲಿ ಅಂಟುತ್ತದೆ. ಸೀಲಿನಲ್ಲಿ ಬಾಣದ ಗುರುತು ಇಟ್ಟಿರುವುದಕ್ಕೂ ಕಾರಣ ಇದೆ. ಅಂಟಿದ ಅಚ್ಚಿನಲ್ಲಿ ಬಾಣ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಯಾವುದು ನಿಜವಾಗಿ ಒತ್ತಿದ್ದು, ಯಾವುದು ಅಂಟಿದ್ದು ಅಂತ ಎಣಿಸುವವರಿಗೆ ಗೊತ್ತಾಗುತ್ತದೆ.

ಒತ್ತುವಾಗ ತಪ್ಪಾಯಿತೇ? ಪೆಟ್ಟಿಗೆಗೆ ಹಾಕಬೇಡಿ. ಬೂತಿನ ಮುಖ್ಯಸ್ಥರಾದ ಪಿಆರ್‌ಒಗೆ (ಪ್ರಿಸೈಡಿಂಗ್ ಆಫೀಸರ್) ವಾಪಸ್ ಕೊಟ್ಟು ಬೇರೆ ಕೇಳಿ. ನಿಮ್ಮ ಹೆಸರಲ್ಲಿ ಆಗಲೇ ಯಾರೋ ಓಟು ಹಾಕಿದ್ದಾರೆ ಅಂದರೂ ಸುಮ್ನೆ ಮನೆಗೆ ಹೋಗಬೇಡಿ. ನೀವೇ ಅವರು ಅಂತ ಖಾತ್ರಿ ಮಾಡಿಕೊಟ್ಟು ಟೆಂಡರ್ ಓಟು ಕೇಳಬಹುದು. ಅದನ್ನು ಪೆಟ್ಟಿಗೆಗೆ ಹಾಕದೆ ಬೇರೆ ಲಕೋಟೆಯಲ್ಲಿ ಇಡುತ್ತಾರೆ.

2020ರಲ್ಲಿ ಮತದಾನ ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ. ಮಧ್ಯಾಹ್ನ ಊಟದ ಹೊತ್ತಿಗೆ ಬೂತು ಖಾಲಿ, ನಾಲ್ಕಾದ ಮೇಲೆ ಜಾತ್ರೆ. ಮುಗಿಯುವ ಹೊತ್ತಿಗೆ ನೀವು ಸಾಲಿನಲ್ಲಿ ನಿಂತಿದ್ದರೆ ಸಾಕು, ಎಷ್ಟು ಹೊತ್ತಾದರೂ ಹಾಕಿಸಿಯೇ ಕಳಿಸುತ್ತೇವೆ. ನಿಂತವರಿಗೆಲ್ಲಾ ಚೀಟಿ ಕೊಡುತ್ತೇವೆ. ಚೀಟಿ ಶುರುವಾಗುವುದು ಸಾಲಿನ ಹಿಂದಿನಿಂದ, ಕೊನೆಯವರಿಗೆ 1ನೇ ನಂಬರು. ಮುಂದಿನಿಂದ ಕೊಡುತ್ತಾ ಹೋದರೆ ನಾವು ಹಿಂದೆ ತಲುಪುವುದರೊಳಗೆ ಇನ್ನೂ ಹತ್ತು ಜನ ಬಂದು ಸೇರಿಕೊಂಡಿರುತ್ತಾರೆ.